ಡಿಸ್ಕಸ್ ಮೀನಿನ ಹೊಟ್ಟೆಯ ಸ್ಥಿತಿಯನ್ನು ಅರಿಯುವ ಕ್ರಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ, ಕಾಯಿಯನ್ನು ಒಡೆಯದೆಯೇ ಅದರ ಒಳಗನ್ನು ತಿಳಿಯುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಬಿದ್ದಿದ್ದ ಕಾಯನ್ನು ಕೈಗೆ ತೆಗೆದುಕೊಂಡು ಕಿವಿಯ ಬಳಿ ಅಲುಗಿಸಿದರೆ ಸಾಕು. ನೀರು ಇನ್ನೂ ಉಳಿದಿದೆಯೋ, ಅಥವಾ ನೀರೆಲ್ಲ ಇಂಗಿ ಗಿಟುಕು ಚಿಪ್ಪನ್ನು ಬಿಟ್ಟುಕೊಂಡು ಒಳಗೆ ಗಡಗಡನೆ ಆಡುತ್ತಿದೆಯೋ ಎಂಬುದನ್ನು ಆ ಸದ್ದೇ ಹೇಳಿಬಿಡುತ್ತದೆ. ನಮ್ಮ ಶಾಲೆಯ ಈ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಕೇಳಿದಾಗ, ನಾವು ಕೆಲವು ವರ್ಷಗಳಿಂದ ಕಷ್ಟಪಟ್ಟು ಕಲಿತ ಇಂಥದೇ ಮತ್ತೊಂದು ವಿದ್ಯೆಯು ನೆನಪಿಗೆ ಬಂದಿತು. ಅದು ಗಾಜಿನ ತೊಟ್ಟಿಯಲ್ಲಿ ಸಾಕುವ ಡಿಸ್ಕಸ್ ಎಂಬ ಮೀನಿನ ಹೊಟ್ಟೆಯೊಳಗಿನ ಸ್ಥಿತಿಯನ್ನು ಹೊರಗಿನಿಂದ ಅರಿಯುವ ವಿದ್ಯೆ. ವಿಷಯವು ಅಲ್ಪವೆಂದೂ, ಸ್ವಲ್ಪ ಅಸಹ್ಯವೆಂದೂ ಕೆಲವರಿಗೆ ತೋರಬಹುದು. ಆದರೆ ಈ ದಿನಗಳಲ್ಲಿ ನಮ್ಮ ಅನೇಕ ಪೂರ್ವ ವಿದ್ಯಾರ್ಥಿನಿಯರ ಮನೆಗಳಲ್ಲಿ ಮಕ್ಕಳ ಹಟಕ್ಕಾಗಿ ಇಂಥ ತೊಟ್ಟಿಗಳು ಬಂದು ಕುಳಿತಿರುವುದರಿಂದಲೂ, ನಮ್ಮ ಅಜ್ಞಾನದಿಂದ ಎರಡು ಜೀವಗಳು ಹೋದದ್ದರಿಂದಲೂ, ಸಂಕೋಚವನ್ನು ಬಿಟ್ಟು ಬರೆಯುತ್ತಿದ್ದೇವೆ.

ಮೊದಲು ಮೀನಿನ ಪರಿಚಯ. ಡಿಸ್ಕಸ್ ದಕ್ಷಿಣ ಅಮೆರಿಕದ ಅಮೆಜಾನ್ ಮಹಾನದಿಯ ಜಲಪ್ರದೇಶಕ್ಕೆ ಸೇರಿದ ಪ್ರಾಣಿ. ವಿಯೆನ್ನಾ ನಗರದ ಹೆಕೆಲ್ ಎಂಬ ಪಂಡಿತನು ೧೮೪೦ರಲ್ಲಿ ಇದನ್ನು ಮೊದಲು ಶಾಸ್ತ್ರರೀತಿಯಿಂದ ವರ್ಣಿಸಿದನು. ಊಟದ ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿದಂತೆ ದುಂಡಗೂ ಚಪ್ಪಟೆಯಾಗಿಯೂ ಇರುವ ಇದರ ಮೈ, ಬೆಳೆದಾಗ ಒಂದು ಗೇಣಿಗೆ ಸ್ವಲ್ಪ ಕಡಿಮೆಯಾಗಿರುತ್ತದೆ. ಇದು ಸಿಕ್ಲಿಡ್ ಎಂಬ ದೊಡ್ಡ ಕುಲಕ್ಕೆ ಸೇರಿದುದು. ಆ ಕುಲದವು ನಮ್ಮ ದೇಶದಲ್ಲಿ ಕೆಲವೇ ಉಂಟು. ಮಲೆಯಾಳಿಗಳು ಕರಿಮೀನ್ ಎಂದು ಕರೆಯುವ ಮೀನು ಅವುಗಳಲ್ಲಿ ಒಂದು, ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲಿ ಸಿಕ್ಕುವ ಅದರ ದಾಯಾದಿ ಮತ್ತೊಂದು. ಆದ್ದರಿಂದ ಡಿಸ್ಕಸ್ ಪರದೇಶಿಯಾದರೂ ನಮಗೆ ದೂರದ ಬಂಧುವೇ ಎನ್ನಬೇಕು.

ಇದರ ಹೊಟ್ಟೆಯ ಸಂಗತಿ ತಿಳಿಯಬೇಕಾದರೆ ಇದು ಕಾಡಿನ ನೀರಿನಲ್ಲಿ ಏನನ್ನು ತಿನ್ನುತ್ತದೆಂಬುದನ್ನು ನೋಡಬೇಕು. ಹಿಡಿದ ಮೀನುಗಳ ಕರುಳನ್ನು ಪರೀಕ್ಷಿಸಿದವರಿಗೆ ಕಂಡುಬಂದದ್ದು ಹೆಚ್ಚಾಗಿ ಪಾಚಿ, ಕೊಳೆತ ಎಲೆಗಳ ನುಣ್ಣನೆಯ ಪುಡಿ, ಗಿಡದ ಚೂರು, ನಡುನಡುವೆ ಸಣ್ಣ ಸಣ್ಣ ನೀರುಹುಳುಗಳು. ಅಂದರೆ ಇದು ದಿನವೆಲ್ಲ ಸ್ವಲ್ಪ ಸ್ವಲ್ಪವಾಗಿ ಕುಕ್ಕಿ ತಿನ್ನುವ ಪ್ರಾಣಿಯೇ ಹೊರತು, ಒಂದೇ ಸಲ ನುಂಗಿ ಮಲಗುವ ಬೇಟೆಮೀನಲ್ಲ. ಸಾಕುವವರಾದರೋ ಬೇಗನೆ ದಪ್ಪವಾಗಲೆಂದು ದನದ ಹೃದಯದ ಮಾಂಸವನ್ನು ಅರೆದು ದಿನಕ್ಕೆ ಐದಾರು ಸಲ ಹಾಕುವ ವಾಡಿಕೆಯುಂಟು. ಬಿಸಿರಕ್ತದ ಪ್ರಾಣಿಗಳ ಕೊಬ್ಬು ಈ ಮೀನಿಗೆ ಸಹಜವಾದ ಆಹಾರವಲ್ಲವೆಂಬುದನ್ನು ಇಷ್ಟರಿಂದಲೇ ಊಹಿಸಬಹುದು. ನಮ್ಮ ಮನೆಯಲ್ಲಿ ಆ ಪದ್ಧತಿಯನ್ನು ಇಟ್ಟುಕೊಂಡಿಲ್ಲ.

ನಾವು ಬೆಂಗಳೂರಿನಿಂದ ಆರು ಮರಿಗಳನ್ನು ತಂದದ್ದು ಕಾರ್ತಿಕಮಾಸದಲ್ಲಿ. ಆಮ್ಲಜನಕ ತುಂಬಿದ ಚೀಲಗಳಲ್ಲಿ ರೈಲಿನಲ್ಲಿ ಪ್ರಯಾಣಮಾಡಿ ಅವು ಸುಖವಾಗಿಯೇ ತಿಪಟೂರಿಗೆ ಬಂದು ಸೇರಿದವು. ಒಂದು ತಿಂಗಳು ಎಲ್ಲವೂ ಚೆನ್ನಾಗಿತ್ತು. ಬಳಿಕ ಮಾರ್ಗಶಿರದ ಚಳಿ ಬಿದ್ದಿತು. ರಾತ್ರಿಯ ಹೊತ್ತು ವಿದ್ಯುತ್ತು ಹೋಗಿ ಬರುತ್ತಿತ್ತು. ಒಂದು ಬೆಳಿಗ್ಗೆ ಎರಡು ಮೀನುಗಳು ಮೈ ಕಪ್ಪಾಗಿ, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದವು. ಅವುಗಳ ಗುದದ್ವಾರದಿಂದ ಬಿಳಿಯ ನೂಲಿನಂಥ ವಸ್ತುವು ಒಂದು ಅಂಗುಲದಷ್ಟು ಜೋಲಾಡುತ್ತಿತ್ತು. ಮಾರಿದವರನ್ನು ಕೇಳಿದೆವು. ಬಿಳಿಯ ಮಲವೆಂದರೆ ಹುಳುವೆಂದೇ ಅರ್ಥವೆಂದು ಹೇಳಿ ಅವರು ಒಂದು ಪುಡಿಯನ್ನು ಕಳುಹಿಸಿಕೊಟ್ಟರು. ಹಾಕಿದೆವು. ಗುಣ ಕಾಣಲಿಲ್ಲ. ಮತ್ತೆ ಹಾಕಿದೆವು. ಮೂರನೆಯ ಸಲ ಹಾಕಿದ ಮಾರನೆಯ ದಿನ ಒಂದು ಸತ್ತಿತು. ಎರಡು ದಿನ ಬಿಟ್ಟು ಮತ್ತೊಂದು ಸತ್ತಿತು. ಮನೆಯ ಮಗುವು ಶಾಲೆಯಿಂದ ಬಂದು ಖಾಲಿಯಾದ ಮೂಲೆಯನ್ನು ನೋಡಿ ಏನೂ ಮಾತನಾಡದೆ ಒಳಗೆ ಹೋದದ್ದನ್ನು ನಾವು ಇಂದಿಗೂ ಮರೆತಿಲ್ಲ.

ಸತ್ತ ಮೀನನ್ನು ಕೊಯ್ದು ನೋಡಿದೆವು. ಹೈಸ್ಕೂಲಿನಲ್ಲಿ ಕಪ್ಪೆಯನ್ನು ಕೊಯ್ದ ಅಭ್ಯಾಸವು ಅಂದು ಉಪಯೋಗಕ್ಕೆ ಬಂದಿತು. ಕರುಳಿನಲ್ಲಿ ಹುಳುಗಳಿರಲಿಲ್ಲ, ಆಹಾರವೂ ಇರಲಿಲ್ಲ, ಸ್ವಲ್ಪ ಲೋಳೆ ಮಾತ್ರ ಇತ್ತು.

ನಮ್ಮ ಕೊಟ್ಟಿಗೆಯ ಕೆಲಸಕ್ಕೆ ಬರುವ ವಯಸ್ಸಾದ ಹೆಂಗಸೊಬ್ಬರು ತೊಟ್ಟಿಯ ಮುಂದೆ ನಿಂತು, "ಇವು ತಿಂದಾವೇನವ್ವ?" ಎಂದು ಕೇಳಿದರು. ಕಾಳು ಹಾಕುತ್ತಿದ್ದೇವೆಂದು ಹೇಳಿದೆವು. "ಹಾಕಾದು ಬ್ಯಾರೆ, ತಿನ್ನಾದು ಬ್ಯಾರೆ ಕಣವ್ವ. ಹಸ ಮೇವು ತಿಂತೋ ಇಲ್ವೋ ಅಂತ ನಾವು ಬಾನೀನ ನೋಡಲ್ಲ, ಸಗಣಿ ನೋಡ್ತೀವಿ" ಎಂದರು. ಆ ಮಾತಿನಿಂದ ನಮಗೆ ಕಣ್ಣು ತೆರೆದಂತಾಯಿತು. ಆರು ಮೀನುಗಳಿಗೆ ಹಾಕಿದ ಆಹಾರವೆಲ್ಲ ಮಾಯವಾಗುತ್ತಿತ್ತು ಎಂಬುದನ್ನು ಮಾತ್ರ ನಾವು ಕಂಡಿದ್ದೆವು. ಯಾವ ಮೀನು ತಿಂದಿತು, ಯಾವುದು ಬಾಯಿಗೆ ತೆಗೆದುಕೊಂಡು ಉಗುಳಿತು ಎಂಬುದನ್ನು ಗಮನಿಸಿಯೇ ಇರಲಿಲ್ಲ. ಬೆಳಗಿನ ಜಾವ ಎದ್ದು ಥರ್ಮಾಮೀಟರನ್ನು ನೋಡಿದರೆ ನೀರು ೨೨ ಡಿಗ್ರಿಗೆ ಇಳಿದಿತ್ತು. ಡಿಸ್ಕಸ್ಸಿಗೆ ಬೇಕಾದದ್ದು ೨೮ರಿಂದ ೩೦ ಡಿಗ್ರಿ ಸೆಂಟಿಗ್ರೇಡು. ಮೀನಿನ ಮೈಶಾಖವು ನೀರಿನ ಶಾಖವೇ ಆದಕಾರಣ, ನೀರು ತಣ್ಣಗಾದರೆ ಅದರ ಹೊಟ್ಟೆಯ ಬೆಂಕಿಯೂ ಆರುತ್ತದೆ. ಮೊದಲು ಹಸಿವು ಹೋಗುತ್ತದೆ. ತಿನ್ನದ ಮೀನಿನ ಕರುಳು ತನ್ನ ಒಳಗೋಡೆಯ ಲೋಳೆಯನ್ನೇ ಬಿಳಿಯ ನೂಲಾಗಿ ಹೊರಕ್ಕೆ ಬಿಡುತ್ತದೆ. ನಾವು ಹುಳುವೆಂದು ಭ್ರಮಿಸಿದ್ದು ಉಪವಾಸದ ಗುರುತನ್ನು. ಚಳಿಯಿಂದ ಕುಗ್ಗಿದ್ದ ಬಡಜೀವಗಳ ಮೇಲೆ ಮೂರು ಸಲ ಔಷಧವನ್ನು ಸುರಿದಿದ್ದೆವು.

ಉಳಿದ ನಾಲ್ಕಕ್ಕೆ ಔಷಧವನ್ನು ನಿಲ್ಲಿಸಿ, ನೀರನ್ನು ಬದಲಾಯಿಸಿ, ಶಾಖವನ್ನು ದಿನಕ್ಕೆ ಎರಡು ಡಿಗ್ರಿಯಂತೆ ಏರಿಸಿದೆವು. ವಿದ್ಯುತ್ತು ಹೋದಾಗ ತೊಟ್ಟಿಗೆ ಹಳೆಯ ಕಂಬಳಿಯನ್ನು ಹೊದಿಸಿದೆವು. ಐದನೆಯ ದಿನ ಅವು ತಿಂದವು. ಆರನೆಯ ದಿನ ಕಪ್ಪಾದ ಗಟ್ಟಿ ಮಲವು ತೊಟ್ಟಿಯ ತಳದಲ್ಲಿ ಬಿದ್ದಿತ್ತು. ಇಂಥ ವಸ್ತುವನ್ನು ನೋಡಿ ಮನೆಮಂದಿಯೆಲ್ಲ ಸಂತೋಷಪಟ್ಟದ್ದು ನಮ್ಮ ವಂಶದಲ್ಲಿ ಅದೇ ಮೊದಲಿರಬೇಕು.

ಹಾಗಾದರೆ ಆರೋಗ್ಯದ ಮಲವೆಂಥದು? ಅದು ತಿಂದ ಆಹಾರದ ಬಣ್ಣವನ್ನು ಹೊತ್ತಿರುತ್ತದೆ. ಪಾಚಿಯ ಕಾಳನ್ನು ತಿಂದರೆ ಹಸುರುಗಪ್ಪು, ಮಾಂಸದ ಆಹಾರಕ್ಕೆ ಕಂದು ಅಥವಾ ಕಪ್ಪು, ಮೈಬಣ್ಣಕ್ಕಾಗಿ ಕೆಂಪು ಸೇರಿಸಿದ ಕಾಳಿಗೆ ಇಟ್ಟಿಗೆಯ ಕೆಂಪು. ಗಟ್ಟಿಯಾಗಿದ್ದು, ಮೈಗೆ ಅಂಟಿಕೊಳ್ಳದೆ ಬೇಗನೆ ಕಳಚಿ ತಳಕ್ಕೆ ಬೀಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮುಟ್ಟಿದರೆ ಪುಡಿಯಾಗುತ್ತದೆ. ಅನುಮಾನ ಬಂದಾಗ ನಾವು ಮಾಡುವ ಉಪಾಯವೊಂದುಂಟು: ಒಂದು ಹೊತ್ತು ಕೆಂಪು ಕಾಳನ್ನು ಮಾತ್ರ ಹಾಕಿ, ಕೆಂಪು ಹೊರಗೆ ಬರುವ ಹೊತ್ತನ್ನು ಬರೆದಿಟ್ಟುಕೊಳ್ಳುವುದು. ನೀರು ಬೆಚ್ಚಗಿದ್ದರೆ ಅದೇ ದಿನವೋ ಮಾರನೆಯ ದಿನವೋ ಕೆಂಪು ಕಾಣಬೇಕು. ಕಾಣದಿದ್ದರೆ ಮೀನು ತಿಂದಿಲ್ಲ, ಇಲ್ಲವೆ ಕರುಳು ನಡೆಯುತ್ತಿಲ್ಲ. ಇದಕ್ಕೆಲ್ಲ ತೊಟ್ಟಿಯ ತಳವು ಬರಿದಾಗಿರತಕ್ಕದ್ದು. ಅಂದಕ್ಕೆಂದು ಮರಳನ್ನೂ ಬಣ್ಣದ ಕಲ್ಲುಗಳನ್ನೂ ಹರಡಿದರೆ ನೋಡಬೇಕಾದದ್ದೆಲ್ಲ ಅದರೊಳಗೆ ಅಡಗಿ, ಕೊಳೆತು ನೀರನ್ನೂ ಕೆಡಿಸುತ್ತದೆ.

ಬಿಳಿಯ ನೂಲು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಔಷಧ ಯಾವುದೆಂದಲ್ಲ. ಈ ಮೀನು ನಿನ್ನೆ ತಿಂದಿತೆ ಎಂಬುದು. ತಿನ್ನದಿದ್ದ ಮೀನಿನಲ್ಲಿ ಒಂದೆರಡು ದಿನ ಬಿಳಿ ಕಂಡರೆ ಅದರಿಂದ ಏನನ್ನೂ ನಿರ್ಣಯಿಸುವಂತಿಲ್ಲ. ತಿನ್ನದೆ ಇರುವುದಕ್ಕೆ ಕಾರಣವೇನೆಂದು ಹುಡುಕಬೇಕು: ಚಳಿ, ಕೆಟ್ಟ ನೀರು, ಹೊಸ ಸ್ಥಳ, ಜೊತೆಯ ಮೀನಿನ ಕಾಟ. ಈ ಕೊನೆಯದು ಹೆಚ್ಚಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಡಿಸ್ಕಸ್ಸುಗಳು ಮೇಲ್ನೋಟಕ್ಕೆ ಸಾಧುಗಳಾದರೂ ಅವುಗಳಲ್ಲಿ ಅತ್ತೆ, ಸೊಸೆ, ಓರಗಿತ್ತಿಯರ ತಾರತಮ್ಯವೆಲ್ಲ ಉಂಟು. ಕೆಳಗಿನ ಪಾಳಿಯ ಮೀನಿಗೆ ತುತ್ತು ಸಿಕ್ಕುವುದು ಕಷ್ಟ. ಅದಕ್ಕೆ ವಿರುದ್ಧವಾಗಿ, ಮೀನು ನಮ್ಮ ಕಣ್ಣೆದುರಿಗೇ ತಿನ್ನುತ್ತಿದ್ದು, ನೀರು ಬೆಚ್ಚಗಿದ್ದು, ಆದಾಗ್ಯೂ ಮಲವು ದಿನದಿನವೂ ಬೆಳ್ಳಗೆ, ಲೋಳೆಯಾಗಿ, ಉದ್ದವಾಗಿ ಜೋಲುತ್ತಿದ್ದರೆ, ಮೈ ಸೊರಗಿ ಹಣೆಯೂ ಹೊಟ್ಟೆಯೂ ಕತ್ತರಿಸಿದಂತೆ ಒಳಗೆ ಹೋಗುತ್ತಿದ್ದರೆ, ಆಗ ರೋಗವುಂಟೆಂದು ತಿಳಿಯಬೇಕು.

ಅಂಥ ಸಂದರ್ಭವೂ ಎರಡು ವರ್ಷಗಳ ಮೇಲೆ ನಮಗೆ ಬಂದಿತು. ನಾಲ್ಕರಲ್ಲಿ ಒಂದು ಆಹಾರಕ್ಕೆ ಓಡಿಬರುವುದು, ಬಾಯಿಗೆ ಹಾಕಿಕೊಳ್ಳುವುದು, ಅಗಿದು ಅರ್ಧವನ್ನು ಉಗುಳುವುದು. ಹೀಗೆ ಮೂರು ವಾರ. ಈ ಸಲ ಔಷಧಕ್ಕೆ ಕೈಹಾಕದೆ ಮಲವನ್ನು ಸಣ್ಣ ಸೀಸೆಯಲ್ಲಿ ಹಿಡಿದು ದೂರದ ಪ್ರಯೋಗಶಾಲೆಗೆ ತೆಗೆದುಕೊಂಡು ಹೋದೆವು. ಅಲ್ಲಿ ನೋಡಿದವರು ಏನೂ ಇಲ್ಲವೆಂದರು. ತಪ್ಪು ನಮ್ಮದೇ. ಈ ಮೀನಿನ ಕರುಳಿನಲ್ಲಿ ನೆಲಸುವ ಮುಖ್ಯ ಶತ್ರುವು ಸ್ಪೈರೊನ್ಯೂಕ್ಲಿಯಸ್ ಎಂಬ ಏಕಕೋಶ ಜೀವಿ. ಹಳೆಯ ಪುಸ್ತಕಗಳಲ್ಲಿ ಇದನ್ನು ಹೆಕ್ಸಾಮಿಟ ಎಂದು ಬರೆದಿರುತ್ತದೆ. ಇದರ ಒಂದು ಜಾತಿಯನ್ನು ಡಿಸ್ಕಸ್ಸಿನ ಹತ್ತಿರದ ನಂಟನಾದ ಏಂಜೆಲ್ ಮೀನಿನಿಂದ ತೆಗೆದು ೧೯೯೫ರಲ್ಲಿ ಹೆಸರಿಟ್ಟರು. ಅದರ ಉದ್ದ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ; ಎಂಟು ಚಾವಟಿಗಳಿಂದ ಈಜುತ್ತದೆ. ಜೀವವಿರುವಾಗ ಅದರ ಓಟದಿಂದಲೇ ಅದನ್ನು ಗುರುತಿಸಬೇಕು. ಹೊರಗೆ ಬಿದ್ದು ಹೊತ್ತಾದ ಮಲದಲ್ಲಿ ಅದು ಸತ್ತು ಲೋಳೆಯೊಡನೆ ಒಂದಾಗಿರುತ್ತದೆ. ಬಸ್ಸಿನಲ್ಲಿ ಪ್ರಯಾಣಮಾಡಿದ ಮಲದಲ್ಲಿ ಅದು ಕಾಣುವುದೆಂತು?

ಆದಕಾರಣ ವಿದ್ಯಾರ್ಥಿಗಳು ಉಪಯೋಗಿಸುವ ಒಂದು ಸಾಧಾರಣ ಸೂಕ್ಷ್ಮದರ್ಶಕವನ್ನು ಕೊಂಡುತಂದೆವು. ಶಾಲೆಯ ವಿಜ್ಞಾನದ ಕೊಠಡಿಯಲ್ಲಿ, ಒಬ್ಬೊಬ್ಬರಿಗೆ ಅರ್ಧ ನಿಮಿಷದಂತೆ ಸಾಲಾಗಿ ನಿಂತು ಈರುಳ್ಳಿಯ ಸಿಪ್ಪೆಯನ್ನೂ ಕೊಳದ ನೀರನ್ನೂ ನೋಡಿದ್ದು ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಅಷ್ಟು ವಿದ್ಯೆ ಇದ್ದರೆ ಈ ಕೆಲಸಕ್ಕೆ ಸಾಕು. ಮೀನು ಮಲವನ್ನು ಬಿಡುವುದನ್ನೇ ಕಾದಿದ್ದು, ಬಿದ್ದ ಕೂಡಲೆ ಸಣ್ಣ ಕೊಳವೆಯಿಂದ ಹೀರಿ, ಗಾಜಿನ ಪಟ್ಟಿಯ ಮೇಲೆ ಅದೇ ತೊಟ್ಟಿಯ ಒಂದು ತೊಟ್ಟು ನೀರಿನೊಡನೆ ಹರಡಿ, ತೆಳುಗಾಜನ್ನು ಮುಚ್ಚಿ, ಕೆಲವು ನಿಮಿಷಗಳೊಳಗೆ ನೋಡಬೇಕು. ಮೊದಲು ನೂರು ಪಟ್ಟು ದೊಡ್ಡದು ಮಾಡಿ ಹುಡುಕುವುದು, ಚಲನೆ ಕಂಡಲ್ಲಿ ನಾನೂರು ಪಟ್ಟು ಮಾಡುವುದು. ನಾವು ನೋಡಿದಾಗ ಆ ತೊಟ್ಟಿನಲ್ಲಿ ಸಂತೆಯೇ ನೆರೆದಿತ್ತು. ಎಣಿಸಲಾರದಷ್ಟು ಚುಕ್ಕೆಗಳು ಅತ್ತಿಂದಿತ್ತ ಧಾವಿಸುತ್ತಿದ್ದವು. ಒಂದೆರಡು ಕಂಡರೆ ಹೆದರಬೇಕಾಗಿಲ್ಲ. ಆರೋಗ್ಯವಾದ ಮೀನಿನಲ್ಲಿಯೂ ಇವು ಸ್ವಲ್ಪ ಇರುವುದುಂಟು, ಮೀನು ಕುಗ್ಗಿದಾಗ ಮಾತ್ರ ಪ್ರಬಲಿಸುತ್ತವೆ.

ಹುಳುಗಳ ಗುರುತು ಬೇರೆ. ಕ್ಯಾಪಿಲೇರಿಯ ಎಂಬ ಕೂದಲಿನಂಥ ಹುಳುವಿನ ಮೊಟ್ಟೆಗಳು ಎರಡು ತುದಿಗೂ ಬಿರಡೆ ಹಾಕಿದ ಪುಟ್ಟ ಪೀಪಾಯಿಗಳಂತಿದ್ದು, ಒಮ್ಮೆ ನೋಡಿದವರು ಮರೆಯುವುದಿಲ್ಲ. ಇವು ಬೇಗನೆ ಕೆಡದಿರುವುದರಿಂದ ಹೊತ್ತಾದ ಮಲದಲ್ಲಿಯೂ ಸಿಕ್ಕುತ್ತವೆ. ಗುದದ್ವಾರದಿಂದ ಕೆಂಪು ಎಳೆಗಳು ಇಣುಕುತ್ತಿದ್ದರೆ ಅದು ಕ್ಯಾಮಲ್ಲಾನಸ್. ಅದಕ್ಕೆ ಸೂಕ್ಷ್ಮದರ್ಶಕವೂ ಬೇಡ. ಪ್ರತಿಯೊಂದಕ್ಕೂ ಔಷಧ ಬೇರೆಯಾದ್ದರಿಂದಲೇ ಇಷ್ಟು ಶೋಧನೆ. ಏಕಕೋಶಿಗಳಿಗೆ ಕೊಡುವ ಮೆಟ್ರೊನಿಡಜೋಲ್ ಹುಳುವನ್ನು ಕೊಲ್ಲದು. ಹುಳುವಿನ ಔಷಧವು ಏಕಕೋಶಿಗಳಿಗೆ ತಾಗದು. ಮೆಟ್ರೊನಿಡಜೋಲ್ ಮನುಷ್ಯರ ಆಮಶಂಕೆಗೆ ಕೊಡುವ ಔಷಧವೇ ಆಗಿರುವುದರಿಂದ, ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆಯನ್ನು ಅಂದಾಜಿನಿಂದ ಪುಡಿಮಾಡಿ ಹಾಕುವವರನ್ನು ನಾವು ಕಂಡಿದ್ದೇವೆ. ಅದು ಸರ್ವಥಾ ಕೂಡದು. ಪಶುವೈದ್ಯರನ್ನಾಗಲಿ, ಮೀನುಗಾರಿಕೆಯ ಶಾಸ್ತ್ರವನ್ನು ಓದಿದವರನ್ನಾಗಲಿ ಕೇಳಬೇಕು. ಮಂಗಳೂರಿನಲ್ಲಿ ೧೯೬೯ರಲ್ಲಿ ಮೀನುಗಾರಿಕೆಯ ಕಾಲೇಜು ಆರಂಭವಾದಂದಿನಿಂದ ಇಂಥ ವಿದ್ಯಾವಂತರು ನಮ್ಮ ರಾಜ್ಯದಲ್ಲಿ ಅಪರೂಪರಲ್ಲ. ಮೀನು ಇನ್ನೂ ಸ್ವಲ್ಪವಾದರೂ ತಿನ್ನುತ್ತಿರುವಾಗಲೇ ಔಷಧವನ್ನು ಆಹಾರಕ್ಕೆ ಬೆರಸಿ ಕೊಟ್ಟರೆ ನೇರವಾಗಿ ಕರುಳಿಗೆ ಸೇರುತ್ತದೆ. ಪೂರ್ತಿ ಬಾಯಿ ಕಟ್ಟಿದ ಮೇಲೆ ನೀರಿಗೆ ಹಾಕುವುದೊಂದೇ ದಾರಿ, ಮತ್ತು ಅದರ ಗುಣ ಕಡಿಮೆ. ಬಿಳಿಯ ಮಲವನ್ನು ತಿಂಗಳುಗಟ್ಟಲೆ ಅಲಕ್ಷ್ಯಮಾಡುವವರು ಈ ಸಮಯವನ್ನೇ ಕಳೆದುಕೊಳ್ಳುತ್ತಾರೆ. ನಮ್ಮ ಮೊದಲ ತಪ್ಪು ಆತುರದ್ದಾದರೆ, ಇದು ಅದರ ತಿರುವುಮುರುವು.

ಅನುಮಾನದ ಮೀನನ್ನು ಬೇರ್ಪಡಿಸಬೇಕೆ ಎಂಬ ವಿಷಯದಲ್ಲಿ ನಮ್ಮ ಅಭಿಪ್ರಾಯವು ಪುಸ್ತಕಗಳಿಗಿಂತ ಸ್ವಲ್ಪ ಬೇರೆ. ಗುಂಪಿನಲ್ಲಿದ್ದರೆ ಯಾವ ಮಲ ಯಾವುದರದೆಂದು ತಿಳಿಯದೆಂಬುದು ನಿಜ. ಆದರೆ ಡಿಸ್ಕಸ್ ಗುಂಪಿನ ಪ್ರಾಣಿ. ಒಂಟಿಯಾಗಿ ಹೊಸ ತೊಟ್ಟಿಗೆ ಹಾಕಿದರೆ ದುಃಖದಿಂದಲೇ ಉಪವಾಸ ಬೀಳುತ್ತದೆ, ಉಪವಾಸದಿಂದ ಮಲ ಬೆಳ್ಳಗಾಗುತ್ತದೆ, ನಮ್ಮ ಪರೀಕ್ಷೆಯೇ ಕೆಡುತ್ತದೆ. ಅದಕ್ಕಾಗಿ ಅದೇ ತೊಟ್ಟಿಯಲ್ಲಿ ರಂಧ್ರಗಳಿರುವ ಒಂದು ತಡಿಕೆಯನ್ನು ಇಳಿಬಿಟ್ಟು, ಜೊತೆಗಾರರು ಕಾಣುವಂತೆ ಎರಡು ದಿನ ಇಡುತ್ತೇವೆ. ರೋಗ ನಿಶ್ಚಯವಾದ ಮೇಲೆ ಬೇರ್ಪಡಿಸುವ ಮಾತು ಬೇರೆ.

ಹೊಟ್ಟೆ ಉಬ್ಬಿದ್ದೂ ಒಂದು ಲಕ್ಷಣ. ಹೆಣ್ಣುಮೀನು ಮೊಟ್ಟೆಯಿಂದ ತುಂಬಿಕೊಂಡರೆ ತಿನ್ನುವುದನ್ನೂ ಮಲವನ್ನೂ ಸಾಮಾನ್ಯವಾಗಿ ಬಿಡುವುದಿಲ್ಲ. ಅತಿಯಾಗಿ ತಿಂದು ಕಟ್ಟಿಕೊಂಡದ್ದಾದರೆ ಮಲವು ನಿಲ್ಲುತ್ತದೆ. ಒಂದೆರಡು ದಿನ ಆಹಾರವನ್ನು ಕೊಡದಿದ್ದರೆ ಹೆಚ್ಚಾಗಿ ಇಳಿಯುತ್ತದೆ. ಹೊಟ್ಟೆಯೊಡನೆ ಮೈಯ ಪೊರೆಗಳೂ ನಿಮಿರಿ ನಿಂತರೆ ಅದು ಜಲೋದರ. ಅದರಿಂದ ಚೇತರಿಸಿಕೊಂಡ ಮೀನನ್ನು ನಾವು ಕಂಡಿಲ್ಲ.

ನಮ್ಮ ಸೀಮೆಗೇ ಸೇರಿದ ಎರಡು ಮಾತು. ಕೊಳವೆಬಾವಿಯ ನೀರು ಇಲ್ಲಿ ಗಡಸು; ಪಾತ್ರೆಯಲ್ಲಿ ಕಾಯಿಸಿದರೆ ಬಿಳಿಯ ಪೊರೆ ಕಟ್ಟುವುದನ್ನು ಯಾವ ಗೃಹಿಣಿಯೂ ಬಲ್ಲಳು. ಅಮೆಜಾನಿನ ನೀರು ಮಳೆನೀರಿನಂತೆ ಮೃದು. ಆದರೂ ತಲೆಮಾರುಗಳಿಂದ ತೊಟ್ಟಿಯಲ್ಲಿಯೇ ಹುಟ್ಟಿದ ಮೀನುಗಳು ಸ್ವಲ್ಪ ಗಡಸನ್ನು ತಾಳಿಕೊಳ್ಳುತ್ತವೆ. ಮೊಟ್ಟೆಯಿಟ್ಟು ಮರಿಮಾಡಲು ಮಾತ್ರ ಮೃದುವಾದ ನೀರು ಬೇಕು. ಕೊಳಾಯಿಯ ನೀರಾದರೆ ಅದರಲ್ಲಿನ ಕ್ಲೋರಿನ್ ಹೋಗಿರಬೇಕು. ಎರಡನೆಯದು ತೆಂಗಿನಕಾಯಿ. ಮನೆಗೆ ಬಂದ ನೆಂಟರು ಪ್ರೀತಿಯಿಂದ ಒಂದು ಚಿಟಿಕೆ ಕಾಯಿತುರಿಯನ್ನು ತೊಟ್ಟಿಗೆ ಹಾಕುತ್ತಾರೆ. ಬೇಡವೆಂದರೆ, ಇಷ್ಟು ತೋಟವಿಟ್ಟುಕೊಂಡು ಮೀನಿಗೆ ಒಂದು ಚೂರು ಕಾಯಿಗೂ ಗತಿಯಿಲ್ಲವೆ ಎಂದು ಬೇಸರಪಡುತ್ತಾರೆ. ಎಣ್ಣೆಯು ನೀರಿನ ಮೇಲೆ ಪೊರೆಯಂತೆ ಹರಡಿ ಗಾಳಿ ಸೇರದಂತೆ ತಡೆಯುತ್ತದೆ. ಅವರಿಗೆ ಬರ್ಫಿಯನ್ನು ಕೊಟ್ಟು ಮಾತನ್ನು ತಿರುಗಿಸುವುದೇ ಮೇಲು. ಚರಂಡಿಯ ಕೆಸರಿನಲ್ಲಿ ಬೆಳೆದ ಜೀವಂತ ಕೆಂಪು ಹುಳುಗಳನ್ನೂ ಅಂಗಡಿಗಳಲ್ಲಿ ಮಾರುತ್ತಾರೆ. ಮೀನು ಅವನ್ನು ಆಸೆಯಿಂದ ತಿನ್ನುತ್ತದೆ, ರೋಗವೂ ಅವುಗಳ ಜೊತೆಯಲ್ಲಿ ಬರುತ್ತದೆ.

ಔಷಧ ಕೊಟ್ಟ ಆ ಮೀನು ಉಳಿಯಿತು. ಎರಡನೆಯ ವಾರದಲ್ಲಿ ಉಗುಳುವುದನ್ನು ಬಿಟ್ಟಿತು. ಮೂರನೆಯ ವಾರದಲ್ಲಿ ಮಲವು ಕಪ್ಪಾಯಿತು. ಹಣೆಯ ಮೇಲೆ ಸಾಸಿವೆಯಷ್ಟು ಒಂದು ಗುಳಿ ಮಾತ್ರ ಉಳಿದುಕೊಂಡಿದೆ. ಈಗ ಅದು ಒಂದು ಜೊತೆಯನ್ನು ಆರಿಸಿಕೊಂಡಿದೆ. ಇದರಿಂದ ನಮಗೆ ಹೊಸ ಚಿಂತೆ. ಡಿಸ್ಕಸ್ಸಿನ ಮರಿಗಳು ಈಜಲು ಕಲಿತ ಕೂಡಲೆ ತಂದೆತಾಯಿಗಳ ಮೈಗೆ ಅಂಟಿಕೊಂಡು, ಆ ಮೈಯಲ್ಲಿ ಒಸರುವ ಲೋಳೆಯನ್ನೇ ಹಾಲಿನಂತೆ ತಿಂದು ಬೆಳೆಯುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ೨೦೧೦ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಇದನ್ನು ಸಸ್ತನಿಗಳ ಶಿಶುಪಾಲನೆಗೆ ಹೋಲಿಸಿದ್ದಾರೆ. ತಾಯಿಯ ಹಾಲಿಗೂ ಇದಕ್ಕೂ ಒಂದು ಭೇದವುಂಟು: ಇಲ್ಲಿ ತಂದೆಯೂ ಕುಡಿಸುತ್ತದೆ. ಹೀಗೆ ಹತ್ತಿರದಲ್ಲಿ ಬೆಳೆಯುವ ಮರಿಗಳಿಗೆ ಹೆತ್ತವರ ಕರುಳಿನ ರೋಗವು ಸುಲಭವಾಗಿ ತಗಲುತ್ತದೆ. ಆದ್ದರಿಂದ ಎರಡು ಮೀನುಗಳ ಮಲವನ್ನೂ ಹದಿನೈದು ದಿನಗಳಿಗೊಮ್ಮೆ ಗಾಜಿನ ಪಟ್ಟಿಗೆ ಹಾಕಿ ನೋಡುತ್ತಿದ್ದೇವೆ. ಕಳೆದ ಮೂರು ಸಲ ಓಡುವ ಚುಕ್ಕೆ ಒಂದೂ ಕಾಣಲಿಲ್ಲ. ಮುಂಗಾರು ಬಂದ ಮೇಲೆ ಹೆಂಚಿನಿಂದ ಇಳಿಯುವ ಮೊದಲ ಮಳೆಗಳ ನೀರನ್ನು ಬಿಟ್ಟು, ಆಮೇಲಿನದನ್ನು ಹಂಡೆಗಳಲ್ಲಿ ಹಿಡಿದು, ಅವುಗಳಿಗಾಗಿ ಬೇರೆ ತೊಟ್ಟಿಯನ್ನು ಸಿದ್ಧಮಾಡಬೇಕೆಂದಿದ್ದೇವೆ.